ಸ್ಪೆಷಲ್ ವಾರ್ಡಿನ ಗಾದಿ

ನಂದನ ಸಾಹೇಬರು ಕುಂಡಿ ಊರಿದ್ದು ಥರ್ಮಾಮೀಟರಿನ ಡಬ್ಬಿಗಳ ಮೇಲೆ.

ಕಟಕಟ ಸದ್ದಾಯಿತು. ಫೋನಿನಲ್ಲಿ ಮಾತಾಡುತ್ತಿದ್ದ ಸಾಹೇಬರು ಚೇಳು ಕಡಿದವರಂತೆ ಚಿಮ್ಮಿ ನಿಂತರು. ಪ್ಯಾಂಟಿನ ಹಿಂದೆ ಗಾಜು. ಮಂಚದ ಗಾದಿಯ ಮೇಲೆ ಗಾಜು. ಗಾಜಿನ ನಡುವೆ ಬೆಳ್ಳಗೆ, ಉಂಡುಂಡಗೆ ಓಡಾಡುವ ಹನಿಗಳು.

ರಾಣೆಬೆನ್ನೂರಿನ ಒಂದು ನರ್ಸಿಂಗ್ ಹೋಮು ಅದು. ಹೆಸರು ಬೇಡ. ಹೆಸರು ಹೇಳಿದರೆ ಬೋರ್ಡು ಬದಲಾಗುತ್ತದೆ, ಒಳಗಿನವರು ಬದಲಾಗುವುದಿಲ್ಲ. ದೊಡ್ಡ ಡಾಕ್ಟರು ಗಂಗಾಧರ ಅವರದು ಆಸ್ಪತ್ರೆ. ಅವರಿಗೆ ವಯಸ್ಸಾಗಿದೆ, ಪೇಷಂಟು ನೋಡುವುದಷ್ಟೇ ಅವರ ಕೆಲಸ. ಉಳಿದದ್ದೆಲ್ಲ ಮಗ ನಂದನನ ಕೈಯಲ್ಲಿ. ಮರುದಿನ ತಪಾಸಣೆಗೆ ಮೇಲಿನವರು ಬರುವವರಿದ್ದರು. ಗಾಜಿನ ಥರ್ಮಾಮೀಟರು ಕಣ್ಣಿಗೆ ಬೀಳಬಾರದು, ಬ್ಯಾಟರಿಯವು ಮಾತ್ರ ಕಾಣಬೇಕು. ಕಾಗದದ ಮೇಲೆ ಈ ಆಸ್ಪತ್ರೆ ಗಾಜಿನವನ್ನು ಹೋದ ವರ್ಷವೇ ಬಿಟ್ಟಿತ್ತು. ವಾರ್ಡಿನಲ್ಲಿ ನಿನ್ನೆಯವರೆಗೂ ಬಿಟ್ಟಿರಲಿಲ್ಲ. ಎಲ್ಲ ಡಬ್ಬಿಗಳನ್ನೂ ಸ್ಪೆಷಲ್ ವಾರ್ಡಿನ ಮಂಚದ ಮೇಲೆ ರಾಶಿ ಹಾಕಿ, ಎಲ್ಲಿ ಅಡಗಿಸಲಿ ಎಂದು ಯಾರಿಗೋ ಫೋನಿನಲ್ಲಿ ಕೇಳುತ್ತ ಕೇಳುತ್ತ ಸಾಹೇಬರು ಕೂತುಬಿಟ್ಟಿದ್ದರು.

“ಏ ಕ್ಲೀನಿಂಗ್!”

ಕ್ಲೀನಿಂಗ್ ಅಂದರೆ ಸುನೀಲಕುಮಾರ. ಬ್ಯಾಡಗಿಯ ಕೇರಿಯವನು, ಗುತ್ತಿಗೆ ಆಳು. ಹೆಸರಿನಲ್ಲೇ ಹೀರೋ ಇದ್ದಾನೆ ಅನ್ನುವುದು ಅವನ ನಂಬಿಕೆ. ಕೇರಿಯಲ್ಲಿ ಅವನು ಸುನ್ಯಾ, ಆಸ್ಪತ್ರೆಯಲ್ಲಿ ಕ್ಲೀನಿಂಗ್. ಸುನೀಲಕುಮಾರ ಅನ್ನುವುದು ಅವನ ಫೋನು ಮಾತ್ರ. ಯಾರಾದರೂ ಕರೆ ಮಾಡಿದರೆ ಅದು ಅವನದೇ ದನಿಯಲ್ಲಿ ಗುಡುಗುತ್ತಿತ್ತು: “ದಾರಿ ಬಿಡ್ರಲೇ... ಸುನೀಲಕುಮಾರ ಬರಾಕತ್ತಾನ.” ಹಿಂದೆ ಗೆಳೆಯ ಶಾಬುದ್ದೀನ ಹೊಡೆದ ಸೀಟಿ. ಇಬ್ಬರೂ ಕೂಡಿ ರೆಕಾರ್ಡ್ ಮಾಡಿದ್ದು. ಹೆಣ ಹೊರಗೆ ತರುವಾಗ ಒಮ್ಮೆ ಅದು ಮೊಳಗಿ ಬೈಗುಳ ತಿಂದಿದ್ದ. ಆದರೂ ತೆಗೆದಿರಲಿಲ್ಲ.

ಪೊರಕೆ ಹಿಡಿದು ಬಂದ. ಬಾಗಿಲಲ್ಲಿ ನಿಂತು ಒಮ್ಮೆ ಸಾಹೇಬರ ಪ್ಯಾಂಟು ನೋಡಿದ, ಒಮ್ಮೆ ಮಂಚ ನೋಡಿದ.

“ಸೀನು ಯಾರದರ ಇರಲಿ, ಕ್ಲೈಮ್ಯಾಕ್ಸ್ ನಮ್ಮದ ನೋಡ್ರಿ ಸಾಹೇಬ್ರ” ಅಂದ.

ನರ್ಸು ಸ್ನೇಹಾ ಬಾಯಿಗೆ ಕೈ ಇಟ್ಟುಕೊಂಡಳು. ಸಾಹೇಬರು ನಗಲಿಲ್ಲ. ಅವರ ಕಣ್ಣು ಫೋನಿನ ಮೇಲಿತ್ತು. ಏನೋ ಓದುತ್ತಿದ್ದರು. ಓದುತ್ತ ಓದುತ್ತ ಮುಖದ ಬಣ್ಣ ಬದಲಾಯಿತು. ಒಂದರ ಮೇಲೊಂದು ಎರಡು ಮಾಸ್ಕು ಹಾಕಿಕೊಂಡರು. ಕೈಗೆ ಗ್ಲೌಸು ಏರಿಸಿದರು. ಹೊರಗೆ ಹೋಗಿ ಬಾಗಿಲ ಆಚೆ ನಿಂತರು.

“ಸ್ನೇಹಾ, ಬಾಜೂ ರೂಮಿನ ಬಸುರೀನ್ನ ಮ್ಯಾಲಿನ ಮಾಳಿಗಿಗೆ ಶಿಫ್ಟ್ ಮಾಡು. ಈಗಿಂದೀಗ. ನೀನೂ ಇಲ್ಲೆ ಬರಬ್ಯಾಡ.” ಆಮೇಲೆ ಸುನೀಲನಿಗೆ ಹೇಳಿದರು. “ಕಿಟಕಿ ತಗಿ. ಫ್ಯಾನು ಹಚ್ಚಬ್ಯಾಡ. ಎಲ್ಲಾ ಬಳಿ.”

“ಗ್ಲೌಸ್ ರೀ ಸಾಹೇಬ್ರ?”

“ನಿಮ್ಮ ಕಾಂಟ್ರಾಕ್ಟರನ್ನ ಕೇಳು.”

ಗುತ್ತಿಗೆದಾರನನ್ನು ಸುನೀಲ ಯಾವಾಗಲೋ ಕೇಳಿದ್ದ. ‘ನಿನ್ನ ಮದಿವ್ಯಾಗ ಗ್ಲೌಸ್ ಆಯಾರ ಮಾಡ್ತೇನಿ ತಡಿ’ ಅಂದಿದ್ದ ಅವನು.

ಬಳಿದ. ಪೊರಕೆ ತಾಗಿದರೆ ಒಂದು ಹನಿ ಹತ್ತಾಗುತ್ತಿತ್ತು. ಹತ್ತನ್ನು ಒತ್ತರಿಸಿದರೆ ನೂರು. ಮಂಚದ ಕಾಲಿನ ಸಂದಿಗೆ, ಗೋಡೆಯ ಬಿರುಕಿಗೆ, ಅವನ ಚಪ್ಪಲಿಯ ಕೆಳಗೆ ಓಡುತ್ತಿದ್ದವು. ಸುನೀಲನಿಗೆ ಆಟ ಹತ್ತಿತು. ಖಳನಾಯಕನ ದನಿ ತೆಗೆದ. “ಒಬ್ಬನ್ನ ಹೊಡದ್ರ ಹತ್ತು ಮಂದಿ ಹುಟ್ಟತೀವಿ. ನಮ್ಮ ವಂಶಾನ ಹಂಗ ಐತಿ.” ಪೊರಕೆಗೆ ಸಿಗದ್ದನ್ನು ಬೊಗಸೆಯಲ್ಲಿ ಹಿಡಿದ. ಅಂಗೈ ಮೇಲೆ ಅದು ತಣ್ಣಗೆ, ಭಾರವಾಗಿ ಹೊರಳಿತು. ಎಷ್ಟು ಚಂದ ಇತ್ತು. ಖಾಲಿ ಸಲೈನ್ ಬಾಟಲಿಗೆ ತುಂಬಿದ. ಗಾದಿಯ ರೆಕ್ಸಿನ್ನು ಒಂದು ಕಡೆ ಹರಿದಿತ್ತು. ಅಲ್ಲಿಂದ ಒಂದಿಷ್ಟು ಹತ್ತಿಯ ಒಳಗೆ ಇಳಿದುಹೋಯಿತು. ಬೆರಳು ಹಾಕಿದ. ಸಿಗಲಿಲ್ಲ.

“ಹತ್ತ್ಯಾಗ ಹೊಕ್ಕಾವ್ರಿ.”

ನಂದನ ಹೊರಗಿನಿಂದಲೇ ಅಂದ. “ಆ ಗಾದಿ ಇವತ್ತ ಆಸ್ಪತ್ರಿ ಬಿಟ್ಟು ಹೊರಗ ಹೋಗಬೇಕು. ನಾಳೆ ಇಲ್ಲೆ ಕಾಣಬಾರದು.”

ಗಾದಿಗೆ ದಾರಿ ತೋರಿಸಿದವರು ನಂದನನ ತಾಯಿ ಸರಸ್ವತೀಬಾಯಿ. ಆಸ್ಪತ್ರೆಯ ಹಾಸಿಗೆ, ಹೊದಿಕೆ, ಅಡುಗೆ ಎಲ್ಲ ಅವರ ಉಸ್ತುವಾರಿ. ಹಿತ್ತಲಿನ ಮೆಟ್ಟಿಲ ಮೇಲೆ ನಿಂತು ಸುನೀಲನನ್ನು ಕರೆದರು.

“ನಿಮ್ಮಕ್ಕ ಹಡದಾಳಂತಲ್ಲೋ. ಬಾಣಂತಿಗೆ ಹಾಸಲಿಕ್ಕೆ ಆಗ್ತದ, ತೊಗೊಂಡು ಹೋಗು. ಚಲೋ ಹತ್ತಿ ಅದ. ಒಂದೆರಡು ಬಿಸಲಿಗೆ ಹಾಕು, ಝಾಡಿಸು. ಏನೂ ಆಗೂದಿಲ್ಲ.”

ಸುನೀಲ ಎರಡೂ ಕೈ ಜೋಡಿಸಿದ. ಹಿಂದೊಮ್ಮೆ ಅದೇ ಗಾದಿಯ ತುದಿಗೆ ಕೂತು ಚಹಾ ಕುಡಿದಿದ್ದ. ಸರಸ್ವತೀಬಾಯಿಯವರೇ ನೋಡಿದ್ದರು. ಚಾದರ ಒಗೆಯಲು ಕಳಿಸಿ, ಅವನನ್ನು ಹೊತ್ತು ಇಳಿಯುವವರೆಗೆ ಗೇಟಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಿದ್ದರು. ಈಗ ಇಡೀ ಗಾದಿ ಅವನದು. ಕಾಲಿಗೆ ಬೀಳಲು ಬಾಗಿದ. ಅವರು ಎರಡು ಮೆಟ್ಟಿಲು ಹಿಂದೆ ಸರಿದರು.

“ಇರಲಿ, ಇರಲಿ. ಅಲ್ಲಿಂದನ ಮಾಡು.”

ಅಲ್ಲಿಂದಲೇ ಮಾಡಿದ.

ಶಾಬುದ್ದೀನನದು ಸಾಮಾನು ಸಾಗಿಸುವ ಆಟೋ. ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ತಂದು ರಾಣೆಬೆನ್ನೂರಿಗೆ ಇಳಿಸಿ ಖಾಲಿ ಹೋಗುತ್ತಿದ್ದ. ಗಾದಿ ಹಾಕಿಸಿಕೊಂಡ. ಸುನೀಲ ಅದರ ಮೇಲೆ ಅಂಗಾತ ಮಲಗಿ, ಕಾಲ ಮೇಲೆ ಕಾಲು ಹಾಕಿ, ಆಕಾಶ ನೋಡುತ್ತ ಬ್ಯಾಡಗಿಗೆ ಬಂದ. ದಾರಿಯುದ್ದಕ್ಕೂ ಹೋಗಿ ಬರುವವರಿಗೆ ಕೈ ಬೀಸಿದ.

“ಏನಲೇ ಮಂತ್ರಿ!” ಶಾಬುದ್ದೀನ ಮುಂದಿನಿಂದ ಕೂಗಿದ.

“ಮಂತ್ರಿ ಅಲ್ಲಲೇ, ಸ್ಪೆಷಲ್ ವಾರ್ಡ್ ಪೇಷಂಟು.”

ಮನೆ ಅಂದರೆ ಒಂದು ಪಡಸಾಲೆ, ಒಂದು ಕೋಣೆ. ಕೋಣೆ ಅಕ್ಕ ಸುರೇಖಾಳದು. ಅವಳನ್ನು ಗುತ್ತಲಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣು ಹಡೆದಿದ್ದಳು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ತಾಯಿ ಸುಶೀಲವ್ವ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸು. ಬೆಳಗಿನಿಂದ ಸಂಜೆವರೆಗೆ ರಾಶಿಯ ಮುಂದೆ ಕೂತು ತೊಟ್ಟು ಮುರಿದು ಬಂದರೆ ಕೈ ಬೆಂಕಿ, ಕಣ್ಣು ಬೆಂಕಿ. ಮೂಗು ಎಂದೋ ಸತ್ತಿತ್ತು. ಬಾಗಿಲಲ್ಲೇ ಸೀರೆ ಬದಲಿಸಿ, ಮೈಮೇಲೆ ನೀರು ಸುರಿದುಕೊಂಡು, ಮಜ್ಜಿಗೆಯಲ್ಲಿ ಕೈ ಅದ್ದಿ ಆಮೇಲೆ ಕೂಸನ್ನು ಮುಟ್ಟುತ್ತಿದ್ದಳು. ತನ್ನ ಘಾಟು ಕೂಸಿಗೆ ತಾಗಬಾರದು ಅಂತ.

ಗಾದಿ ನೋಡಿ ಅವಳು ಅಂಗೈ ಊರಿ ಒತ್ತಿದಳು. “ಎಷ್ಟ್ ಮೆತ್ತಗೈತೋ ಸುನ್ಯಾ. ದ್ಯಾವ್ರಂಥಾ ಮಂದಿ.”

ಬಿಸಿಲಿಗೆ ಹಾಕಲು ಯಾರಿಗೂ ತಾಳ್ಮೆ ಇರಲಿಲ್ಲ. ನುಲಿ ಹೆಣೆದ ಹೊರಸಿನ ಮೇಲೆ ಹಾಸಿದರು. ಹೊರಸಿನ ಕೆಳಗೆ ಅಗ್ಗಿಷ್ಟಿಕೆ. ಬಾಣಂತನ ಅಂದರೆ ಅಷ್ಟೇ: ಬಾಗಿಲು ಹಾಕಬೇಕು, ಕಿಟಕಿಗೆ ಗೋಣಿತಾಟು ಬಿಗಿಯಬೇಕು, ಹೊರಸಿನ ಕೆಳಗೆ ಸಗಣಿ ಕುಳ್ಳಿನ ಕೆಂಡ ಇಟ್ಟು ಬೆನ್ನಿಗೆ ಕಾವು ಕೊಡಬೇಕು. ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಬೇಕು. ಗಾಳಿ ಒಳಗೆ ಬರಬಾರದು, ಕಾವು ಹೊರಗೆ ಹೋಗಬಾರದು. ಸುಶೀಲವ್ವನಿಗೆ ಅವಳವ್ವ ಹಾಗೇ ಮಾಡಿದ್ದಳು. ಸುಶೀಲವ್ವ ಮಗಳಿಗೆ ಅದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದಳು. ಕೆಂಡ ಆರಲು ಬಿಡಲಿಲ್ಲ.

ಸುರೇಖಾ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ನಕ್ಕಳು. “ತಮ್ಮಾ, ನರ್ಸ್ ಎಲ್ಲಿ? ಗಂಟಿ ಹೊಡದ್ರ ಬರಬೇಕಲ್ಲ.”

ಸುನೀಲ ಪೊರಕೆ ಹೆಗಲಿಗೇರಿಸಿ ನಿಂತ. “ಹೇಳ್ರಿ ಮೇಡಂ.”

ಆ ವಾರ ಮನೆಯಲ್ಲಿ ಬರೀ ನಗು.

ಆಮೇಲೆ ಕೂಸಿಗೆ ಕೆಮ್ಮು ಬಂತು.

ಬ್ಯಾಡಗಿಯಲ್ಲಿ ಕೆಮ್ಮಿಗೆ ಯಾರೂ ಹೆದರುವುದಿಲ್ಲ. ಗಾಳಿಯೇ ಕೆಮ್ಮುವ ಊರು. ಸುಗ್ಗಿ ಬಂತೆಂದರೆ ಬಸ್ಸಿನಿಂದ ಇಳಿದವನು ಮೊದಲು ಸೀನುತ್ತಾನೆ, ಆಮೇಲೆ ವಿಳಾಸ ಕೇಳುತ್ತಾನೆ. ಓಣಿಯ ಹೆಂಗಸರು ಬಂದು ನೋಡಿದರು. ‘ಘಾಟು’ ಅಂದರು. ಸುಶೀಲವ್ವ ತನ್ನ ಮೇಲೇ ಸಿಟ್ಟು ಮಾಡಿಕೊಂಡಳು. ಎರಡು ಸಲ ಮೈ ತೊಳೆದಳು. ಕೂಸನ್ನು ಎತ್ತುವುದನ್ನೇ ಬಿಟ್ಟಳು. ಘಾಟು ಒಳಗೆ ಬರದಂತೆ ಬಾಗಿಲ ಸಂದಿಗೂ ಹಳೆ ಸೀರೆ ತುರುಕಿದಳು. ಕೂಸಿನ ಎದೆ ಬಿಗಿದಿದೆ, ಕಾವು ಸಾಲದು ಅಂತ ಇನ್ನೊಂದು ಬುಟ್ಟಿ ಕುಳ್ಳು ಹಾಕಿದಳು.

ಕೂಸು ಮೊಲೆ ಬಿಟ್ಟಿತು. ಹಗಲೂ ರಾತ್ರಿ ಅಳು. ಅಂಗೈ ಅಂಗಾಲು ಕೆಂಪಗಾಗಿ ಸಿಪ್ಪೆ ಸುಲಿಯತೊಡಗಿದವು, ಮೆಣಸಿನಕಾಯಿ ಮುರಿದವರ ಕೈಯ ಹಾಗೆ. ಹುಟ್ಟಿ ತಿಂಗಳಾಗದ ಕೂಸಿಗೆ ದುಡಿದವರ ಕೈ. ಸುರೇಖಾಳ ಒಸಡು ಬಾತು ರಕ್ತ ಒಸರುತ್ತಿತ್ತು. ಬಾಯಲ್ಲಿ ಸದಾ ನೀರು. ಸುನೀಲನ ಕೈಯೂ ನಡುಗುತ್ತಿತ್ತು. ಚಹಾದ ಕಪ್ಪು ಬಸಿಯ ಮೇಲೆ ಟಣಟಣ ಅನ್ನುತ್ತಿತ್ತು. “ಹೀರೋನ್ನ ನೋಡಿ ಕಪ್ಪೂ ಕುಣೀತೈತಿ” ಅಂದಿದ್ದ.

ಒಂದು ಮುಂಜಾನೆ ಸುರೇಖಾಳ ತಾಳಿಯ ಬಂಗಾರದ ಗುಂಡುಗಳು ಬೆಳ್ಳಗಾಗಿದ್ದವು.

ಸುಶೀಲವ್ವ ಬೆಳಕಿಗೆ ಹಿಡಿದು ನೋಡಿದಳು. ಸೆರಗಿನಿಂದ ಒರೆಸಿದಳು. ಹಳದಿ ಹೋಗಿ ಸ್ಟೀಲಿನ ಬಣ್ಣ. ಕೂಸಿನ ಕೆಮ್ಮು, ಮಗಳ ಬಾಯಿ, ತನ್ನ ಕೈ ಎಲ್ಲ ಮರೆತು ಗುತ್ತಲಕ್ಕೆ ಫೋನು ಹಚ್ಚಿದಳು.

“ಏನ್ರಿ ಬೀಗರ, ಸ್ಟೀಲಿಗೆ ಬಂಗಾರದ ನೀರು ಕುಡಿಸಿ ನನ್ನ ಮಗಳ ಕೊಳ್ಳಿಗೆ ಕಟ್ಟೀರೇನು? ನೀರು ಇಳದೈತಿ, ನಿಮ್ಮ ಬಣ್ಣ ಕಂಡೈತಿ.”

ಆ ಕಡೆಯಿಂದ ಬೀಗತಿ ಸುಮ್ಮನಿರುತ್ತಾಳೆಯೇ? “ನಮ್ಮ ಬಂಗಾರ ಖರೇ ಐತಿ. ನಿಮ್ಮ ಮಗ ಅದಲು ಬದಲು ಮಾಡಿದ್ದಾನು, ಮೊದಲ ಸಿನಿಮಾ ಹುಚ್ಚ” ಅಂದಳು. ಎರಡು ಮನೆಯ ನಡುವೆ ಬೆಂಕಿ ಹತ್ತಿತು. ಗುತ್ತಲದವರು ಬರುತ್ತೇವೆ ಅಂದರು, ಬರುವುದಿಲ್ಲ ಅಂದರು, ಸೊಸೆಯನ್ನು ಕರೆಯುವುದೇ ಇಲ್ಲ ಅಂದರು. ಆ ಜಗಳದಲ್ಲಿ ದಿನಗಳು ಹೋದವು. ಕೂಸು ಬಾಗಿಲ ಹಿಂದೆ, ಕೆಂಡದ ಮೇಲೆ, ಉಸಿರಿಗೆ ಎಳೆದಾಡುತ್ತಿತ್ತು.

ಕಡೆಗೆ ಸುನೀಲ ತಾಳಿ ಬಿಚ್ಚಿಸಿಕೊಂಡು ಪತ್ತಾರ ಮೌನೇಶಪ್ಪನ ಅಂಗಡಿಗೆ ಹೋದ. ಬೀಗರ ಮುಖಕ್ಕೆ ಹೊಡೆಯುವಂಥ ಡೈಲಾಗು ದಾರಿಯಲ್ಲೇ ಕೂಡಿಸಿಟ್ಟುಕೊಂಡಿದ್ದ. ಮೌನೇಶಪ್ಪ ಗುಂಡನ್ನು ಒರೆಗಲ್ಲಿಗೆ ತಿಕ್ಕಿದ. ಕಣ್ಣಿಗೆ ಹತ್ತಿರ ಹಿಡಿದ. ತಟ್ಟನೆ ದೂರ ಇಟ್ಟ.

“ಬಂಗಾರ ಖರೇ ಐತಿ. ಇದಕ್ಕ ಪಾದರಸ ಹತ್ತೈತಿ. ಬಂಗಾರ ಕಂಡ್ರ ಪಾದರಸ ಬಿಡಂಗಿಲ್ಲ, ಅಪ್ಪಿಕೊಂತೈತಿ. ಮನ್ಯಾಗ ಥರ್ಮಾಮೀಟರ್ ಗಿರ್ಮಾಮೀಟರ್ ಒಡದೀರೇನು?”

“ನಮ್ಮನ್ಯಾಗ ಥರ್ಮಾಮೀಟರ್ ಎಲ್ಲಿಂದ ಬರ್ಬೇಕ್ರಿ” ಅಂದ ಸುನೀಲ. ನಗುತ್ತಲೇ ಅಂದ.

ಆ ನಗು ಅರ್ಧಕ್ಕೆ ನಿಂತಿತು.

ಓಡಿದ. ಕೋಣೆಯ ಬಾಗಿಲು ಒದ್ದ. ಅಕ್ಕನನ್ನು, ಕೂಸನ್ನು ಪಡಸಾಲೆಗೆ ಎಳೆದು ತಂದ. ಸುಶೀಲವ್ವ ‘ಗಾಳಿ ಹೊಕ್ಕೀತೋ’ ಎಂದು ಅಡ್ಡ ಬಂದಳು. ಅವಳನ್ನು ನೂಕಿದ. ಕಿಟಕಿಯ ಗೋಣಿತಾಟು ಹರಿದ. ಗಾದಿಯನ್ನು ಅಂಗಳಕ್ಕೆ ಎಳೆದು ಹರಿದ ಜಾಗದಲ್ಲಿ ಹತ್ತಿ ಒತ್ತಿದ. ಹತ್ತಿಯಿಂದ ಬೆಳ್ಳಗೆ ಒಂದು ಹನಿ ಇಣುಕಿತು. ಇನ್ನೊಂದು. ಬಿಸಿಲಲ್ಲಿ ಹೊಳೆಯುತ್ತ, ಅಂಗಳದ ಮಣ್ಣಿನ ಮೇಲೆ ಓಡಿದವು.

ಹಾವೇರಿಯ ಆಸ್ಪತ್ರೆಯಲ್ಲಿ ಕೂಸಿನ ಮೂಗಿಗೆ ಆಕ್ಸಿಜನ್ ಹಚ್ಚಿದರು. ಎದೆ ಗುಬ್ಬಿಯ ಎದೆಯ ಹಾಗೆ ಹಾರುತ್ತಿತ್ತು. ಮಕ್ಕಳ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಎಲ್ಲವನ್ನೂ ಕೇಳಿಕೊಂಡರು. ಗಾದಿ, ಹೊರಸು, ಅಗ್ಗಿಷ್ಟಿಕೆ. ಅಗ್ಗಿಷ್ಟಿಕೆ ಅಂದ ಕೂಡಲೇ ಕಣ್ಣು ಮುಚ್ಚಿಕೊಂಡರು.

“ಪಾದರಸ ಕಾವಿಗೆ ಗಾಳಿ ಆಕ್ಕತಿ. ಆ ಗಾಳಿಗೆ ವಾಸನಿ ಇಲ್ಲ, ಬಣ್ಣ ಇಲ್ಲ. ಬಾಗಲಾ ಹಾಕಿ ಕೆಳಗ ಕೆಂಡ ಇಟ್ರ ಅದೆಲ್ಲಾ ಕೂಸಿನ ಎದಿಗೆ ಹೊಕ್ಕತಿ.”

ಸುಶೀಲವ್ವ ಕೈ ಮುಗಿದಳು. “ನಾವು ಬಾಣಂತನ ಮಾಡೀವ್ರಿ ಬಾಯಾರ. ಬ್ಯಾರೆ ಏನೂ ಮಾಡಿಲ್ರಿ.”

ಡಾಕ್ಟರು ಅವಳ ಸುಟ್ಟ ಕೈ ಹಿಡಿದುಕೊಂಡರು.  ಆಮೇಲೆ ಸುನೀಲನನ್ನು ಹೊರಗೆ ಕರೆದರು.

“ರಕ್ತದ ಪರೀಕ್ಷೆ ಬೆಂಗಳೂರಿಗೆ ಹೋಗಿ ಬರಬೇಕು. ಅಲ್ಲೀತನ ಕಾಯಾಕ ಆಗಂಗಿಲ್ಲ. ಪಾದರಸ ಮೈಯಾಗಿಂದ ತಗಿಯೂ ಔಷಧ ಭಾಳ ಖಡಕ್. ಇಷ್ಟು ಸಣ್ಣ ಕೂಸಿಗೆ ಅಂದಾಜಿನ ಮ್ಯಾಲ, ನಿಮ್ಮೊಬ್ರ ಮಾತಿನ ಮ್ಯಾಲ ಕೊಡಾಕ ಹುಬ್ಬಳ್ಳಿ ತಜ್ಞರು ಒಪ್ಪವಲ್ರು. ಆ ನರ್ಸಿಂಗ್ ಹೋಮಿನವ್ರು ನನಗ ಒಂದು ಫೋನ್ ಮಾಡ್ಲಿ. ಏನು ಒಡೀತು, ಎಷ್ಟು ಒಡೀತು, ಅಷ್ಟ ಹೇಳ್ಲಿ. ಅವ್ರ ಹೆಸರು ನನಗ ಬೇಕಾಗಿಲ್ಲ.”

ಒಂದು ಫೋನು. ಸುನೀಲನಿಗೆ ಎಷ್ಟೋ ಹಗುರಾಯಿತು. ಫೋನೇ ಅಲ್ಲವೇ.

ನಂದನ ಮೂರನೇ ಸಲಕ್ಕೆ ಎತ್ತಿದ.

“ಸಾಹೇಬ್ರ, ನಾನ್ರಿ, ಕ್ಲೀನಿಂಗ್. ಆ ಗಾದಿ ಮ್ಯಾಲ ಥರ್ಮಾಮೀಟರ್ ಒಡದಿದ್ವಲ್ರಿ...”

“ಯಾವ ಥರ್ಮಾಮೀಟರು?”

“ನೀವ ಕುಂತಿದ್ರೆಲ್ರಿ ಸಾಹೇಬ್ರ.”

“ನಮ್ಮಲ್ಲೆ ಗಾಜಿನ ಥರ್ಮಾಮೀಟರ್ ಇಲ್ಲೇ ಇಲ್ಲ. ಹ್ವಾದ ವರ್ಷನ ಬಂದ್ ಮಾಡೇವಿ. ತಪಾಸಣಿ ಆಗ್ಯದ, ಸರ್ಟಿಫಿಕೇಟ್ ಬಂದದ.”  ಆಮೇಲೆ ದನಿ ಮೆತ್ತಗಾಯಿತು. “ಆ ಗಾದಿ ಈಗ ಎಲ್ಲೆ ಅದ?”

“ಅಂಗಳದಾಗೈತ್ರಿ.”

“ಯಾರಿಗೂ ತೋರಸಬ್ಯಾಡ. ಇಲ್ಲೆ ತೊಗೊಂಡು ಬಾ. ಬಾ, ನೋಡೋಣಂತ.”

ಶಾಬುದ್ದೀನ ಬೇಡ ಅಂದ. “ಅದೊಂದ ಐತಿ ನಿನ್ನ ಕೈಯಾಗ ಸಾಕ್ಷಿ. ಹಾಲು ಬೆಕ್ಕಿಗೆ ಒಪ್ಪಸಾಕ ಹೊಂಟೀದಿ.”

“ಮತ್ತ ಎಲ್ಲಿ ಇಡ್ಲಿಲೇ?”

 ಎಲ್ಲಿ ಇಡುವುದು? ಅಂಗಳದಲ್ಲಿ ಓಣಿಯ ಹುಡುಗರು ಆಗಲೇ ಬೆಳ್ಳಿ ಗುಂಡು ಹುಡುಕುತ್ತಿದ್ದರು. ಸುಟ್ಟರೆ ಹೊಗೆ. ಕೆರೆಗೆ ಹಾಕಿದರೆ ನೀರು. ಕಸದ ಗಾಡಿಗೆ ಹಾಕಿದರೆ ಅದನ್ನು ಬರಿಗೈಯಲ್ಲಿ ಎತ್ತುವವರೂ ಅವನ ಕೇರಿಯವರೇ. ಹತ್ತಿ ಚಲೋ ಇದೆ ಅಂತ ಯಾರಾದರೂ ಒಯ್ದು ಮತ್ತೊಂದು ಬಾಣಂತಿಗೆ ಹಾಸಿಯಾರು. ಅವನೇ ಹಾಸಲಿಲ್ಲವೇ.

ಮೆಣಸಿನಕಾಯಿ ರಾಶಿಗೆ ಮುಚ್ಚುವ ತಾಡಪಾಲು ತಂದು ಗಾದಿಯನ್ನು ಸುತ್ತಿ ಹಗ್ಗ ಬಿಗಿದರು. ಈ ಸಲ ಸುನೀಲ ಅದರ ಮೇಲೆ ಮಲಗಲಿಲ್ಲ.

ದಾರಿಯುದ್ದಕ್ಕೂ ಡೈಲಾಗು ಕಟ್ಟಿದ. ‘ನೀವು ಕೊಟ್ಟಿದ್ದು ಗಾದಿ ಅಲ್ಲ ಸಾಹೇಬ್ರ, ಗೋರಿ.’ ಚೆನ್ನಾಗಿದೆ. ‘ಬಡವನ ಕಣ್ಣೀರಿಗೆ ಪಾದರಸದ ತೂಕ ಐತಿ.’ ಇನ್ನೂ ಚೆನ್ನಾಗಿದೆ. ಜನ ಸೇರುತ್ತಾರೆ. ಸಾಹೇಬರು ತಲೆ ತಗ್ಗಿಸುತ್ತಾರೆ. ದೊಡ್ಡ ಡಾಕ್ಟರು ಹೊರಗೆ ಬಂದು ಮಗನ ಕೆನ್ನೆಗೆ ಬಾರಿಸಿ ಫೋನು ಎತ್ತುತ್ತಾರೆ. ಸಿನಿಮಾದಲ್ಲಿ ಹಾಗೇ ಆಗುತ್ತದೆ.

ಗೇಟಿನವನು ಆಟೋವನ್ನಾಗಲಿ ಶಾಬುದ್ದೀನನನ್ನಾಗಲಿ ಒಳಗೆ ಬಿಡಲಿಲ್ಲ. ಸುನೀಲ ಗಾದಿಯ ಸುರುಳಿಯನ್ನು ತಲೆ ಮೇಲೆ ಹೊತ್ತು ನಡೆದ. ಹಿತ್ತಲಿಗೆ ಹೋಗಲಿಲ್ಲ. ಪೇಷಂಟುಗಳು ಬರುವ ಮುಂದಿನ ಬಾಗಿಲಿಂದ ಹೋದ. ಇಷ್ಟು ವರ್ಷದಲ್ಲಿ ಅದೇ ಮೊದಲು.

ಮುಂದಿನ ಹಾಲ್‌ನಲ್ಲಿ ಬೆಂಚಿನ ತುಂಬ ಬಸುರಿಯರು. ಅವನು ನಡುವೆ ನಿಂತ. ಕಟ್ಟಿಕೊಂಡು ಬಂದ ಡೈಲಾಗು ಒಂದೂ ಬಾಯಿಗೆ ಬರಲಿಲ್ಲ. ಕತ್ತು ನಡುಗುತ್ತಿತ್ತು. ಕೈ ಮೊದಲೇ ನಡುಗುತ್ತಿತ್ತು.

ನಂದನ ಓಡಿ ಬಂದ. ಮಾಸ್ಕು ಇತ್ತು. ದೂರದಲ್ಲೇ ನಿಂತ.

“ಇಲ್ಲ್ಯಾಕ ತಂದೀ? ಹಿತ್ತಲಕ್ಕ ಒಯ್ಯಿ. ಎಣ್ಣಿ ಇಟ್ಟಾರ. ಅಲ್ಲೆ ಹಾಕಿ ಸುಟ್ಟುಬಿಡು.”

“ಹಾವೇರಿ ಡಾಕ್ಟ್ರಿಗೆ ಫೋನ್ ಮಾಡ್ರಿ. ಬಾಣಂತಿ ಕೆಂಡದ ಕಾವಿಗೆ ಗಾದ್ಯಾಗಿನ ಪಾದರಸ ಕೂಸಿನ ಎದಿಗೆ ಹೊಕ್ಕೈತ್ರಿ.”

“ಮೊದಲ ಸುಡು. ಆಮ್ಯಾಲೆ ನೋಡೋಣ.”

“ಮೊದಲ ಫೋನ್ ಮಾಡ್ರಿ. ಒಡದಾವು ಅನ್ರಿ. ಇಷ್ಟು ಒಡದಾವು ಅನ್ರಿ. ಎರಡ ಮಾತು.”

ಸರಸ್ವತೀಬಾಯಿ ಸೆರಗು ಮೂಗಿಗೆ ಹಿಡಿದು ಬಂದರು. “ಏನೋ ಇದು? ಒಳ್ಳೆ ಮನಸಿಲೆ ಕೊಟ್ಟೆ. ಝಾಡಿಸಿ ಬಿಸಲಿಗೆ ಹಾಕು ಅಂತ ಹೇಳಿದ್ದೆನೋ ಇಲ್ಲೋ? ನಿಮ್ಮ ಮಂದಿಗೆ ಎಷ್ಟ್ ಹೇಳಿದ್ರೂ ಅಷ್ಟ. ಕೆಂಡ ಯಾಕ ಇಡಬೇಕಿತ್ತು?”

“ಬಾಯಾರ, ನಿಮಗ ಗೊತ್ತಿತ್ತೇನ್ರಿ? ಇದು ವಿಷ ಅಂತ?”

ಅವರು ಮಗನ ಮುಖ ನೋಡಿದರು. ಅಷ್ಟೇ ಸಾಕಾಯಿತು.

“ನಿಮಗ ಏನೂ ಆಗೂದಿಲ್ಲ ಅಂತ ತಿಳದಿದ್ದೆ” ಅಂದರು. “ನೀವು ಗಟ್ಟಿ ಮಂದಿ.”

ಒಬ್ಬ ಬಸುರಿ ಬೆಂಚಿನಿಂದ ಎದ್ದು ಹತ್ತಿರ ಬಂದು ಕುತೂಹಲದಿಂದ ನೋಡುತ್ತಿದ್ದಳು. “ಅಕ್ಕಾರ, ನೀವು ಹೊರಗ ಹೋಗ್ರಿ. ಇದರ ಹತ್ತಿರ ಬರಬ್ಯಾಡ್ರಿ” ಅಂದ ಸುನೀಲ. ಅವಳು ಹೊಟ್ಟೆ ಹಿಡಿದುಕೊಂಡು ಸರಿದಳು. ಬೆಂಚುಗಳು ಖಾಲಿಯಾದವು. ಎಲ್ಲರೂ ಗೋಡೆಗೆ ಅಂಟಿ ನಿಂತರು. ಸ್ನೇಹಾ ಔಷಧದ ಕೌಂಟರಿನ ಹಿಂದೆ ಇದ್ದಳು. ಸುನೀಲ ಅವಳ ಕಡೆ ನೋಡಿದ.

“ಸ್ನೇಹಕ್ಕಾರ, ನೀವು ನೋಡೀರಿ. ನಕ್ಕಿದ್ರಿ ಆವತ್ತ.”

ಸ್ನೇಹಾ ತಲೆ ತಗ್ಗಿಸಿದಳು. ಅವಳಿಗೂ ಮನೆ ಇತ್ತು, ನೌಕರಿ ಇತ್ತು.

ದೊಡ್ಡ ಡಾಕ್ಟರ ಕೋಣೆಯ ಬಾಗಿಲು ತೆರೆಯಿತು. ಗಂಗಾಧರ ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಸುನೀಲನನ್ನು, ಗಾದಿಯನ್ನು, ಮಗನನ್ನು. ಎಲ್ಲ ಕೇಳಿಸಿದೆ ಎನ್ನುವುದು ಮುಖದಲ್ಲೇ ಇತ್ತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಕೆನ್ನೆಗೆ ಯಾರೂ ಬಾರಿಸಲಿಲ್ಲ.

“ಇಳಸು ಅದನ್ನ” ನಂದನ ಅಂದ. ಹಿಂದೆ ಇಬ್ಬರು ಕಾವಲಿನವರು ಬಂದು ನಿಂತಿದ್ದರು. ಸುನೀಲ ಇಳಿಸಿದ ಕೂಡಲೇ ಎತ್ತಿಕೊಂಡು ಹೋಗಿ ಬೆಂಕಿಗೆ ಹಾಕುವುದು ಅವರ ಕೆಲಸ. ಇಳಿಸುವವರೆಗೆ ಮುಟ್ಟುವ ಧೈರ್ಯ ಅವರಿಗೂ ಇರಲಿಲ್ಲ.

“ಇಳಸಂಗಿಲ್ಲ.”

“ನೌಕರಿ ಹೋಗ್ತದ.”

“ಹೋಗ್ಲಿ.”

“ಪೊಲೀಸರನ್ನ ಕರೀತೇನಿ.”

“ಕರೀರಿ. ಅವ್ರನ್ನರ ಕರೀರಿ. ಫೋನ್ ಹೆಂಗ ಮಾಡ್ತಾರ ಅಂತ ನಿಮಗ ಗೊತ್ತೈತಲ್ಲ.”

ಈ ಮಾತು ಯಾವ ಸಿನಿಮಾದಲ್ಲೂ ಇರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಂದನ ಫೋನನ್ನು ಕಿಸೆಗೆ ಹಾಕಿಕೊಂಡ. ಕೈ ಕಟ್ಟಿ ನಿಂತ. ಆಳು ಎಷ್ಟು ಹೊತ್ತು ಹೊತ್ತಾನು, ದಣಿದ ಮೇಲೆ ತಾನೇ ಇಳಿಸುತ್ತಾನೆ. ಹೊರುವವರ ಲೆಕ್ಕ ಅವನಿಗೆ ಗೊತ್ತಿತ್ತು.

ಗಾದಿ ಭಾರವಾಗುತ್ತ ಹೋಯಿತು. ಬೆವರು ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಲು ಕೈ ಇಲ್ಲ. ತಾಡಪಾಲಿನ ಮೆಣಸಿನ ಪುಡಿ ಬೆವರಿನೊಂದಿಗೆ ಇಳಿದು ಕಣ್ಣು ಉರಿಯಿತು. ಅವನು ಅಳುತ್ತಿದ್ದಾನೆ ಅಂತ ಗೋಡೆಯ ಹತ್ತಿರದವರು ಅಂದುಕೊಂಡರು. ಅಳುತ್ತಲೂ ಇದ್ದ.

ಆಗ ಅವನ ಪ್ಯಾಂಟಿನ ಕಿಸೆಯಿಂದ ಅವನದೇ ದನಿ ಗುಡುಗಿತು.

“ದಾರಿ ಬಿಡ್ರಲೇ... ಸುನೀಲಕುಮಾರ ಬರಾಕತ್ತಾನ.” ಹಿಂದೆ ಸೀಟಿ.

ಹಾವೇರಿಯಿಂದ ಅವ್ವ. ಬೇರೆ ಯಾರು ಮಾಡುತ್ತಾರೆ ಈ ಹೊತ್ತಿಗೆ. ಎರಡೂ ಕೈ ತಲೆಯ ಮೇಲಿದ್ದವು. ಒಂದು ಕೈ ಬಿಟ್ಟರೆ ಗಾದಿ ಉರುಳುತ್ತದೆ. ಉರುಳಿದರೆ ಒಯ್ಯುತ್ತಾರೆ, ಸುಡುತ್ತಾರೆ. ಆಮೇಲೆ ಏನೂ ಒಡೆದೇ ಇಲ್ಲ.

“ಯಾರರ ನನ್ನ ಕಿಸೆದಾಗಿನ ಫೋನ್ ತಗೀರಿ” ಅಂದ. “ನಮ್ಮವ್ವ ಮಾಡ್ಯಾಳ. ಕೂಸಿಂದು ಏನೋ ಸುದ್ದಿ ಐತಿ. ಕಿವಿಗೆ ಹಿಡೀರಿ, ಅಷ್ಟ ಸಾಕು.”

ನಂದನ ಅಲುಗಲಿಲ್ಲ. ಕಾವಲಿನವರು ನಂದನನನ್ನು ನೋಡಿದರು. ಸ್ನೇಹಾ ಒಂದು ಹೆಜ್ಜೆ ಇಟ್ಟಳು. ಸರಸ್ವತೀಬಾಯಿ ಅವಳ ಕಡೆ ತಿರುಗಿದರು. ಸ್ನೇಹಾ ನಿಂತಳು.

ದನಿ ನಿಂತಿತು. 

ಮತ್ತೆ ಮೊಳಗಿತು.

“ದಾರಿ ಬಿಡ್ರಲೇ... ಸುನೀಲಕುಮಾರ ಬರಾಕತ್ತಾ—”

ಸುನೀಲ ಗಾದಿಯನ್ನು ಗಟ್ಟಿಯಾಗಿ ಹಿಡಿದ. ಹಾಲಿನ ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದ. ದಾರಿ ಎಲ್ಲರೂ ಬಿಟ್ಟೇ ನಿಂತಿದ್ದರು.